ಮೂವತ್ತೊಂದು ಗಾಡಿಗಳ ದೀಪ

ದ್ಯಾವಪ್ಪನ ಟ್ಯಾಕ್ಸಿ ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲಾಗಿ ಬಂದ ದಿನ ಸುಹಾಸಿನಿ ಮನೆಯ ಮೆಟ್ಟಿಲ ಮೇಲೆ ಕೂತು ಮೆಂತ್ಯದ ಪಲ್ಲೆ ಸೋಸುತ್ತಿದ್ದಳು. ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಬಿಟ್ಟಳು ಅನ್ನುವುದೂ ಪೂರ್ತಿ ಸರಿಯಲ್ಲ, ಕೆಲಸವೇ ಅವಳನ್ನು ಬಿಟ್ಟು ಊರಾಚೆ ಹೋಗಿತ್ತು. ಹೈದರಾಬಾದಿನ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಅಕ್ರಿಲಿಕ್ ಟ್ರೋಫಿಗಳಿಗೂ ನಾಮಫಲಕಗಳಿಗೂ ಪಾಲಿಶ್ ಮಾಡಿದವಳು ಅವಳು. ಮಾಲೀಕರು ಶೆಡ್ಡನ್ನು ರಿಂಗ್ ರೋಡಿನ ಆಚೆಗೆ ಸಾಗಿಸಿದರು. ಕಾಚಿಗೂಡದಿಂದ ಅಲ್ಲಿಗೆ ಹೋಗಿ ಬರುವುದೇ ನಾಲ್ಕು ತಾಸಿನ ದಾರಿ. ಎಂಟು ದಿನ ಹೋದಳು, ಒಂಬತ್ತನೆಯ ದಿನ ಸಾಕೆನ್ನಿಸಿತು.

ದ್ಯಾವಪ್ಪ ಎದುರು ಮನೆಯವನು, ಯಾದಗಿರಿ ಜಿಲ್ಲೆಯಿಂದ ಬಂದು ಟ್ಯಾಕ್ಸಿ ಓಡಿಸುತ್ತಿದ್ದ. ಗಾಡಿ ನಿಲ್ಲಿಸಿ ಬಾಗಿಲನ್ನು ಜೋರಾಗಿ ಹಾಕಿದ.

"ಲೈಟ್ ಮಬ್ಬ ಅದಾವಂತ್ರಿ ವೈನಿ. ಬೆಳಕು ಬೀಳಾಂಗಿಲ್ಲಂತ. ಹೊಸಾವು ಹಾಕ್ಸಿಕೊಂಡ ಬಾ ಅಂತ ತಿರುಗಿಸಿ ಕಳಿಸ್ಯಾರ."

ಸುಹಾಸಿನಿ ಪಲ್ಲೆಯ ಮೊರ ಬದಿಗಿಟ್ಟು ಎದ್ದು ಬಂದಳು. ಗಾಡಿಯ ಮುಂದಿನ ಎರಡೂ ದೀಪ ಪೊರೆ ಬಂದ ಕಣ್ಣಿನ ಹಾಗೆ ಇದ್ದವು, ಮೇಲುಭಾಗ ಹಳದಿ, ಕೆಳಗೆ ಬಿಳಿ ಮಬ್ಬು. ಉಗುರಿನಿಂದ ಮೆಲ್ಲಗೆ ಗೀರಿ ನೋಡಿದಳು, ಬೆರಳಿನಿಂದ ತಟ್ಟಿ ಕೇಳಿದಳು.

"ಇದು ಗಾಜಲ್ಲ ದ್ಯಾವಪ್ಪ. ಪ್ಲಾಸ್ಟಿಕ್ ಐತಿ."

"ಪ್ಲಾಸ್ಟಿಕ್ ಆದ್ರ ಏನಾತ್ರಿ?"

"ಪ್ಲಾಸ್ಟಿಕ್ ಆದ್ರ ನನ್ನ ಕೈಯಾಗಿನ ಕೆಲಸ ಅಂತ. ಒಂದು ಬಕೀಟ ನೀರ ತಂದ ಕೊಡು."

ಒಳಗಿನಿಂದ ಹಳೆಯ ಚೀಲ ತಂದಳು. ಅದರಲ್ಲಿ ಕಾರ್ಖಾನೆಯ ಕೊನೆಯ ದಿನ ಮೇಸ್ತ್ರಿ ಕೊಟ್ಟಿದ್ದ ವಾಟರ್ ಪೇಪರ್ ಎಂಬ ಉಜ್ಜುಕಾಗದದ ಹಾಳೆಗಳು, ಪಾಲಿಶ್ ಡಬ್ಬಿ, ಬನಿಯನ್ ಬಟ್ಟೆಯ ತುಂಡುಗಳು ಇದ್ದವು. ದೀಪದ ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಟೇಪ್ ಅಂಟಿಸಿ, ಮೊದಲು ಒರಟು ಹಾಳೆಯನ್ನು ನೀರಿನಲ್ಲಿ ಅದ್ದಿ ಅಡ್ಡಡ್ಡ ತಿಕ್ಕಿದಳು. ಹಳದಿ ನೀರು ಸುರಿಯಿತು. ಆಮೇಲೆ ಅದಕ್ಕಿಂತ ನುಣುಪಾದ ಹಾಳೆಯಿಂದ ಉದ್ದುದ್ದ. ಹೀಗೆ ಒಂದೊಂದು ಹಾಳೆಗೂ ದಿಕ್ಕು ಬದಲಿಸುತ್ತ, ಹಿಂದಿನ ಹಾಳೆಯ ಗೀರು ಮುಂದಿನ ಹಾಳೆಯಲ್ಲಿ ಅಳಿಯುವ ತನಕ ಬಿಡದೆ ತಿಕ್ಕುವುದು ಅವಳ ಕೈಗೆ ಉಸಿರಾಟದಷ್ಟೇ ರೂಢಿ. ಎರಡು ತಾಸಿನ ಮೇಲೆ ಬಟ್ಟೆಯಿಂದ ಪಾಲಿಶ್ ಒರೆಸಿದಾಗ ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿ ಬಟ್ಟಲು ಎಲ್ಲ ನಿಚ್ಚಳವಾಗಿ ಕಂಡವು. ದ್ಯಾವಪ್ಪ ಬಗ್ಗಿ ನೋಡಿದ. ಅದರಲ್ಲಿ ತನ್ನ ಮೀಸೆ ಕಂಡು ನಕ್ಕ.

ಮರುದಿನ ಗಾಡಿ ಪಾಸಾಯಿತು. ಸುದ್ದಿ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಯಿತು. ಅಲ್ಲಿಂದ, ಟ್ಯಾಕ್ಸಿಯಲ್ಲಿ ಓಡಾಡುವವರ ಬಾಯಿಗೆ ಬಿದ್ದು, ಬೇಗಂಪೇಟೆಯ ಆಫೀಸುಗಳಿಗೆ ಮುಟ್ಟಿತು. ಆಫೀಸಿನ ಗಾಡಿಗಳು ಬೆಳಗಿನಿಂದ ಸಂಜೆಯ ತನಕ ನಿಂತಲ್ಲೇ ನಿಂತಿರುತ್ತವೆ, ಇದಕ್ಕಿಂತ ಅನುಕೂಲ ಬೇರೆ ಬೇಕೆ? ಸುಹಾಸಿನಿ ಬೆಳಗಿನ ಲೋಕಲ್ ರೈಲು ಹಿಡಿದು ಬೇಗಂಪೇಟೆಯಲ್ಲಿ ಇಳಿಯುತ್ತಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಮಡಿಚುವ ಸ್ಟೂಲು. ವಾಚ್‌ಮನ್ ನೀರಿನ ನಲ್ಲಿ ತೋರಿಸುತ್ತಿದ್ದ. ಸಂಜೆ ಆರಕ್ಕೆ ಇಳಿದು ಬಂದ ಸಾಹೇಬರು ತಮ್ಮ ಗಾಡಿ ಇದೇ ಹೌದೋ ಅಲ್ಲವೋ ಎಂದು ನಂಬರು ನೋಡುತ್ತಿದ್ದರು.

ಗಿರಾಕಿಗಳ ಹೆಸರು ಅವಳಿಗೆ ನೆನಪಿರುತ್ತಿರಲಿಲ್ಲ, ಗಾಡಿಗಳು ಮರೆಯುತ್ತಿರಲಿಲ್ಲ. ಫೋನಿನಲ್ಲಿ ‘ಬಿಳಿ ಗಾಡಿ ಬ್ಯಾಂಕು’, ‘ಕೆಂಪು ಗಾಡಿ ಎರಡನೆ ಮಹಡಿ’, ‘ನೀಲಿ ಗಾಡಿ ಡಾಕ್ಟರಮ್ಮ’ ಎಂದು ಬರೆದಿಟ್ಟುಕೊಂಡಿದ್ದಳು. ಗಂಡ ಭೀಮಾಶಂಕರ ಕಾಚಿಗೂಡ ಸ್ಟೇಷನ್ನಿನ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತ, ಎಲ್ಲವನ್ನೂ ಅಕ್ಷರಮಾಲೆಯ ಪ್ರಕಾರ ಜೋಡಿಸುವ ಮನುಷ್ಯ. ಆ ಪಟ್ಟಿ ನೋಡಿ ತಲೆ ಹಿಡಿದುಕೊಂಡಿದ್ದ. ಅವನ ತಾಯಿ ಕೃಷ್ಣಾಬಾಯಿಗೆ ಎಂಬತ್ತು ದಾಟಿತ್ತು. ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದೇ, ಕನ್ನಡದಲ್ಲಿ ಶುರುವಾದ ಮಾತು ಉರ್ದುವಿನಲ್ಲಿ ಮುಗಿಯುವುದು. ಸೊಸೆ ಮನೆಗೆ ಬಂದೊಡನೆ, "ಎಷ್ಟು ಗಾಡಿಗೆ ಕಣ್ಣು ಬಂತು ಇವತ್ತು?" ಎಂದು ಕೇಳುವುದು ಅವರ ದಿನದ ವಾಡಿಕೆಯಾಯಿತು.

ಹೀಗೆ ನಾಲ್ಕೈದು ತಿಂಗಳು ಸುಖವಾಗಿ ನಡೆಯಿತು. ಮಾರ್ಚಿನ ಒಂದು ಬೆಳಿಗ್ಗೆ ತಿಪ್ಪೇಸ್ವಾಮಿಯವರ ಫೋನು ಬಂತು.

ತಿಪ್ಪೇಸ್ವಾಮಿ ಚಳ್ಳಕೆರೆ ಕಡೆಯವರು. ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುರ್ಬೀನಿನ ಗಾಜು ಅರೆದು, ರಿಟೈರಾಗಿ, ಹೆಂಡತಿ ಶೋಭಾ ಅವರೊಂದಿಗೆ ಸನತ್‌ನಗರದ ಹತ್ತಿರ ಇದ್ದರು. ನವೆಂಬರಿನಲ್ಲಿ ಅವರ ಹಳೆಯ ಬೂದು ಗಾಡಿಗೆ ಸುಹಾಸಿನಿ ದೀಪ ಮಾಡಿಕೊಟ್ಟಿದ್ದಳು. ಆ ದಿನ ಅವರು ಎರಡೂ ತಾಸು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದು, ಕಡೆಗೆ "ಕೈ ಚೆನ್ನಾಗಿದೆ" ಎಂದಷ್ಟೇ ಹೇಳಿದ್ದರು. ಕನ್ನಡದಲ್ಲಿ ಆ ಮಾತು ಕೇಳಿ ಅವಳು ಮನೆಗೆ ಬರುವ ದಾರಿಯುದ್ದಕ್ಕೂ ಹಿಗ್ಗಿದ್ದಳು.

ಈಗ ಅವರು, "ಬಿಡುವಾದಾಗ ಒಂದ್ಸಲ ಬಂದು ಗಾಡಿ ನೋಡಿ ಹೋಗ್ತೀರಾ ಅಮ್ಮ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ದಿಗಿಲಾಯಿತು.

ಗಾಡಿಯ ದೀಪಗಳು ಹಳೆಯ ಪೋಸ್ಟ್‌ಕಾರ್ಡಿನ ಬಣ್ಣಕ್ಕೆ ತಿರುಗಿದ್ದವು. ಮುಂಚಿಗಿಂತ ಕಡೆಯೇ ಅನ್ನಬೇಕು. ಸುಹಾಸಿನಿ ಕೂತು ಕೈಯಾಡಿಸಿದಳು. ಗೀರಿಲ್ಲ, ಒರಟಿಲ್ಲ, ಪಾಲಿಶ್ ಹಾಗೇ ಇದೆ. ಬಣ್ಣ ಮಾತ್ರ ಒಳಗಿನಿಂದಲೇ ಕೆಟ್ಟಿದೆ.

"ನಾ ಏನ್ ತಪ್ಪ ಮಾಡೀನ್ರಿ ಸರ್?"

"ತಿಕ್ಕಿದ್ದು ತಪ್ಪಲ್ಲಮ್ಮ," ಅಂದರು ತಿಪ್ಪೇಸ್ವಾಮಿ. "ತಿಕ್ಕಿ ಬರಿಮೈಲಿ ಬಿಟ್ವಲ್ಲ, ಅದು ತಪ್ಪು. ಗಾಡಿ ಹೊಸದಿರುವಾಗ ಈ ಪ್ಲಾಸ್ಟಿಕ್ ಮೇಲೆ ಬಿಸಿಲು ತಡೆಯೋಕೆ ಒಂದು ತೆಳು ಪದರ ಇರುತ್ತೆ. ವರ್ಷಗಟ್ಟಲೆ ಬಿಸಿಲು ತಿಂದು ಅದು ಹಾಳಾಗಿ ಮಬ್ಬಾಗುತ್ತೆ. ನೀವು ಆ ಮಬ್ಬಿನ ಜೊತೆ ಉಳಿದ ಪದರಾನೂ ತೆಗೆದ್ರಿ. ಹೊಸ ಪದರ ಹಾಕಲಿಲ್ಲ. ನಮ್ಮೂರ ಬಿಸಿಲಿಗೆ ನಾಲ್ಕು ತಿಂಗಳು ಸಾಕು."

ಹನ್ನೊಂದು ವರ್ಷ ಅವಳು ಹೊಳಪು ಕೊಟ್ಟ ಟ್ರೋಫಿಗಳೆಲ್ಲ ಯಾರದೋ ಗಾಜಿನ ಕಪಾಟಿನೊಳಗೆ ಕೂತಿದ್ದವು. ಒಂದಾದರೂ ಬಿಸಿಲು ಕಂಡಿರಲಿಲ್ಲ. ಬಿಸಿಲಿನ ವಿಚಾರ ಅವಳಿಗೆ ಹೊಳೆಯುವುದಾದರೂ ಹೇಗೆ?

"ನಿಮಗ ಅವತ್ತ ಗೊತ್ತಿತ್ತೇನ್ರಿ ಇದು?"

"ಗೊತ್ತಿದ್ರೆ ಹೇಳ್ತಿರಲಿಲ್ವಾ? ನಾನು ಗಾಜಿನ ಮನುಷ್ಯ. ಗಾಜು ಹಳದಿ ಆಗಲ್ಲ. ಇದು ಯಾಕೆ ಆಯ್ತು ಅಂತ ಹದಿನೈದು ದಿನದಿಂದ ಓದ್ತಾ ಇದೀನಿ."

"ಹದಿನೈದು ದಿನ ನನಗೆ ಬೇರೆ ಮಾತೇ ಇಲ್ಲಮ್ಮ," ಎನ್ನುತ್ತ ಶೋಭಾ ಒಗ್ಗರಣೆ ಹಾಕಿದ ಮಂಡಕ್ಕಿ ತಂದಿಟ್ಟರು. "ಊಟಕ್ಕೆ ಕೂತ್ರೂ ಲೈಟು, ಎದ್ರೂ ಲೈಟು."

ಸುಹಾಸಿನಿ ಮಂಡಕ್ಕಿ ಮುಟ್ಟದೆ ಎದ್ದಳು. ಮನೆಗೆ ಬಂದವಳು ಚೀಲವನ್ನೂ ಇಳಿಸದೆ ದ್ಯಾವಪ್ಪನ ಟ್ಯಾಕ್ಸಿಯ ಮುಂದೆ ಹೋಗಿ ನಿಂತಳು. ಅದೂ ಹಳದಿ. ದಿನಾ ಎದುರಿಗೇ ನಿಲ್ಲುವ ಗಾಡಿ, ತಾನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲವಲ್ಲ! ಮುಗಿಸಿದ ಕೆಲಸವನ್ನು ಯಾರು ತಿರುಗಿ ನೋಡುತ್ತಾರೆ?

"ನಾ ನೋಡಿದ್ದೆರಿ ವೈನಿ," ಎಂದ ದ್ಯಾವಪ್ಪ, ತಪ್ಪು ತನ್ನದೇ ಅನ್ನುವ ಹಾಗೆ. "ಹೇಳಿದ್ರ ನಿಮ್ಮ ಮನಸಿಗೆ ಹತ್ತೀತಂತ ಸುಮ್ಮನಿದ್ದೆ. ನಡೀತೈತಿ ಬಿಡ್ರಿ."

ಆ ಮಾತು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಊಟದ ಹೊತ್ತಿಗೆ ಫೋನಿನ ಪಟ್ಟಿ ತೆಗೆದು ಎಣಿಸಿದಳು. ಮೂವತ್ತೊಂದು ಗಾಡಿ. ಗಂಡನಿಗೆ ಎಲ್ಲ ಹೇಳಿದಳು.

"ಈ ಮುದುಕರೊಬ್ಬರನ್ನ ಬಿಟ್ರ ಯಾರೂ ಕೇಳಾಕ ಬಂದಿಲ್ಲಲ್ಲ?" ಎಂದ ಭೀಮಾಶಂಕರ.

"ಬಂದಿಲ್ರಿ. ಅದಕ್ಕ ನಾನ ಹೋಗಬೇಕಂತ ಮಾಡೀನಿ. ಮೂವತ್ತೊಂದೂ ತಿರುಗಿ ಮಾಡ್ತೀನಿ. ದುಡ್ಡ ಕೇಳಾಂಗಿಲ್ಲ."

"ಹೊಸಾ ಕೆಲಸ?"

"ಇವು ಮುಗಿಯೂ ತನಕಾ ಹೊಸಾವು ಬ್ಯಾಡ. ತಪ್ಪು ಗೊತ್ತಾದ ಮ್ಯಾಲ ಮತ್ತ ಅದನ್ನ ಮಾಡ್ಲೇನು?"

ಭೀಮಾಶಂಕರ ಒಂದು ತುತ್ತು ಹೆಚ್ಚಿಗೇ ಅಗಿದ. ಅವನಿಗೆ ಸಿಟ್ಟಿಗಿಂತ ಸಂಕಟ ಜಾಸ್ತಿ. ಬರುವುದು ಏಪ್ರಿಲ್, ಮೇ. ಇವಳು ಬಿಸಿಲಲ್ಲಿ ಊರೆಲ್ಲ ತಿರುಗುವವಳು. ಗಿರಾಕಿಗಳು ಏನನ್ನುತ್ತಾರೋ, ನಾಲ್ಕು ಜನರ ಮುಂದೆ ಏನು ಮಾತು ಕೇಳಬೇಕೋ. ಅಷ್ಟರಲ್ಲಿ ಕೃಷ್ಣಾಬಾಯಿ ಮಜ್ಜಿಗೆಯ ಬಟ್ಟಲು ಕೆಳಗಿಟ್ಟರು.

"ಮೂವತ್ತೊಂದು ಮನಿಗೆ ಅರಿಷಿಣ ಕುಂಕುಮಕ್ಕ ಕರಿಯಾಕ ಹೋದಾಂಗ ಹೋಗಿ ಬಾ ಸುಹಾಸ. ಯಾರರೇ ಒಂದ ಮಾತ ಅಂದ್ರ ಅನ್ಲಿ. ಅವರ ಬಾಯಿ ಅವರದು. ಶರಮ್ ಯಾಕ?"

ಅಲ್ಲಿಗೆ ಚರ್ಚೆ ಮುಗಿಯಿತು. ಭೀಮಾಶಂಕರ ಫೋನು ಇಸಿದುಕೊಂಡು ಮೂವತ್ತೊಂದು ಗಾಡಿಗಳನ್ನೂ ಓಣಿವಾರು ಒಂದು ಹಾಳೆಯ ಮೇಲೆ ಬರೆದುಕೊಟ್ಟ. ಅಕ್ಷರಮಾಲೆಯ ಆಸೆಯನ್ನು ಆ ಹೊತ್ತಿಗೆ ಬಿಟ್ಟಿದ್ದ.

ಆದರೆ ಪದರ ಹಾಕುವುದು ತಿಕ್ಕಿದಷ್ಟು ಸುಲಭವಲ್ಲ. ಎರಡು ದ್ರಾವಣಗಳನ್ನು ಅಳತೆ ತಪ್ಪದಂತೆ ಕಲಸಬೇಕು, ಕಲಸಿದ ಮೇಲೆ ಗಟ್ಟಿಯಾಗುವುದರೊಳಗೆ ಸಿಂಪಡಿಸಿ ಮುಗಿಸಬೇಕು. ಮೂಗಿಗೆ ಮಾಸ್ಕ್ ಬೇಕು, ಗಾಳಿ ಇರಬೇಕು, ಧೂಳಿರಬಾರದು. ಸುಹಾಸಿನಿ ಗುಜರಿಯಿಂದ ಒಡೆದ ದೀಪಗಳನ್ನು ತಂದಳು. ತಿಪ್ಪೇಸ್ವಾಮಿಯವರ ಮಾಳಿಗೆಯ ಮೇಲೆ ರವಿವಾರಗಳು ಕಳೆದವು. ಮೊದಲನೆಯ ದೀಪದ ಮೇಲೆ ದಪ್ಪ ಬಿದ್ದು ಕಣ್ಣೀರಿನ ಹಾಗೆ ಇಳಿಯಿತು. ಎರಡನೆಯದು ಅಕಾಲದ ಮಳೆಯ ಥಂಡಿಗೆ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಮೂರನೆಯದರ ಮೇಲೆ ಒಂದು ನೊಣ ಬಂದು ಕೂತು ಅಲ್ಲೇ ಉಳಿಯಿತು. ನಾಲ್ಕನೆಯದು ನಿಂತಿತು, ತಿಳಿನೀರಿನ ಹಾಗೆ.

"ನಾಳಿಂದ ಶುರು ಮಾಡ್ತೀನ್ರಿ ಸರ್," ಎಂದಳು.

"ಮಾಡಬೇಡಿ," ಎಂದರು ತಿಪ್ಪೇಸ್ವಾಮಿ. ಆ ದೀಪದ ಅರ್ಧಕ್ಕೆ ಬಿಸಿಲು ತಾಗದಂತೆ ಅಡುಗೆಮನೆಯ ಬೆಳ್ಳಿ ಹಾಳೆ ಸುತ್ತಿ, ಪಕ್ಕದಲ್ಲಿ ತಿಕ್ಕಿ ಪದರ ಹಾಕದೆ ಬಿಟ್ಟ ಇನ್ನೊಂದನ್ನೂ ಹಾಗೇ ಸುತ್ತಿ, ಎರಡನ್ನೂ ಮಾಳಿಗೆಯ ನಡುಬಿಸಿಲಿನಲ್ಲಿಟ್ಟರು. "ಮಳೆಗಾಲ ಬರೋ ತನಕ ಇಲ್ಲೇ ಇರಲಿ. ಮೊದಲನೇ ಸಲ ನಾವು ಬಿಸಿಲನ್ನ ಕೇಳಲಿಲ್ಲ. ಈ ಸಲ ಕೇಳೋಣ."

ಸುಹಾಸಿನಿಗೆ ರೇಗಿತು. ಮನಸ್ಸು ಮಾಡಿದ ಮೇಲೆ ಕಾಯುವುದು ಅವಳ ಸ್ವಭಾವವಲ್ಲ. ಆದರೂ ಕಾದಳು. ಏಪ್ರಿಲ್ ಕಳೆಯಿತು, ಮೇ ಉರಿಯಿತು. ಉಪ್ಪಿನಕಾಯಿ ಹಾಕಿದಳು, ಅತ್ತೆಯ ಹಾಸಿಗೆಯ ಹತ್ತಿ ತಿರುವಿ ಹಾಕಿಸಿದಳು, ವಾರಕ್ಕೊಮ್ಮೆ ಹೋಗಿ ಮಾಳಿಗೆ ಹತ್ತಿ ನೋಡಿದಳು. ಜೂನಿನ ಮೊದಲ ಮಳೆಯ ಹಿಂದಿನ ದಿನ ಬೆಳ್ಳಿ ಹಾಳೆ ಬಿಚ್ಚಿದರು. ಪದರವಿಲ್ಲದ ದೀಪದಲ್ಲಿ ಹಾಳೆಯ ಅಂಚು ಗೆರೆ ಹೊಡೆದಂತೆ ಕಾಣುತ್ತಿತ್ತು, ಈ ಕಡೆ ಬಿಳಿ, ಆ ಕಡೆ ಮಸುಕು ಹಳದಿ. ಪದರ ಹಾಕಿದ್ದರಲ್ಲಿ ಮುಚ್ಚಿದ ಅರ್ಧ ಯಾವುದು, ತೆರೆದ ಅರ್ಧ ಯಾವುದು ಎಂದು ಶೋಭಾ ಮೂರು ಸಲ ತಪ್ಪು ಹೇಳಿದರು. ತಿಪ್ಪೇಸ್ವಾಮಿ ನಕ್ಕದ್ದನ್ನು ಸುಹಾಸಿನಿ ಮೊದಲ ಬಾರಿ ನೋಡಿದ್ದು ಆವತ್ತು.

ಮಳೆಯ ನಡುವೆ ಬಿಸಿಲು ಬಿದ್ದ ದಿನ ಹುಡುಕಿ ಹುಡುಕಿ ಕೆಲಸ ನಡೆಯಿತು. ಮೊದಲು ದ್ಯಾವಪ್ಪನದು, ಆಮೇಲೆ ಬೂದು ಗಾಡಿ. ಉಳಿದವರಿಗೆ ಫೋನು ಮಾಡಿದಳು. "ಸರ್, ನಾ ಮಾಡಿಕೊಟ್ಟ ಲೈಟು ಹಳದಿ ಆಗಿರಬೇಕು, ತಿರುಗಿ ಸರಿ ಮಾಡಿ ಕೊಡ್ತೀನಿ" ಎಂದು ಕೆಲವರಿಗೆ ಹಿಂದಿಯಲ್ಲಿ, ಕೆಲವರಿಗೆ ತೆಲುಗಿನಲ್ಲಿ. ಇಬ್ಬರು ಇದು ಯಾವುದೋ ಮೋಸದ ಕರೆ ಎಂದು ಕಟ್ ಮಾಡಿದರು. ಅವರಲ್ಲಿಗೆ ನೇರ ಹೋಗಿ ಗಾಡಿಯ ಪಕ್ಕ ನಿಂತಳು. ಕೆಂಪು ಗಾಡಿಯವರು ನಾಲ್ಕು ಮಾತು ಜೋರಾಗಿಯೇ ಅಂದರು. ಅವಳು ತಲೆಯಾಡಿಸುತ್ತ ಕೇಳಿ, ಟೇಪ್ ಅಂಟಿಸಲು ಶುರು ಮಾಡಿದಳು. ಡಾಕ್ಟರಮ್ಮ ಮಾತ್ರ, "ಹಳದಿ ಆಗಿದೆಯಾ? ನಾನು ನೋಡೇ ಇಲ್ಲ" ಎಂದರು.

ನವೆಂಬರಿನ ಹೊತ್ತಿಗೆ ಮೂವತ್ತು ಮುಗಿದವು. ಉಳಿದದ್ದು ನಿಶಾಂತ ಎಂಬ ಆಫೀಸಿನ ಹುಡುಗನ ಬೆಳ್ಳಿ ಬಣ್ಣದ ಗಾಡಿ. ಫೋನು ಹತ್ತಿತು, ಹುಡುಗ ಪುಣೆಗೆ ವರ್ಗವಾಗಿದ್ದ.

"ಗಾಡಿ ಮಾರಿಬಿಟ್ಟೆ ಆಂಟಿ. ಈಗ ಯಾರ ಹತ್ತಿರ ಇದೆಯೋ. ಬಿಡಿ, ಪರವಾಗಿಲ್ಲ."

"ಯಾರಿಗೆ ಮಾರೀಯಪ್ಪ? ನಂಬರ್ ಕೊಡು."

ಅವನು ದಲ್ಲಾಳಿಯ ನಂಬರು ಕೊಟ್ಟ. ದಲ್ಲಾಳಿ ಎಂಟು ದಿನ ಆಟ ಆಡಿಸಿ ಒಂದು ವಿಳಾಸ ಕೊಟ್ಟ. ಸನತ್‌ನಗರ, ಕಾರ್ಮಿಕರ ವಸಾಹತು, ಕೊಂಡವನ ಹೆಸರು ಯಾದಗಿರಿ.

ಯಾದಗಿರಿಯೂ ಅವನ ಹೆಂಡತಿ ಬಾಲಮಣಿಯೂ ಕಾರ್ಖಾನೆಗಳ ಕ್ಯಾಂಟೀನಿಗೆ ಇಡ್ಲಿ ಮಾಡಿ ಕೊಡುವವರು. ಗಾಡಿಯ ಹಿಂದಿನ ಸೀಟು ಕಿತ್ತು ಪಾತ್ರೆ ಇಡಲು ಜಾಗ ಮಾಡಿದ್ದರು. ದಿನಾ ಸೂರ್ಯ ಹುಟ್ಟುವ ಮುಂಚೆ ಹೊರಡುವ ಗಾಡಿ. ಸುಹಾಸಿನಿ ಬಗ್ಗಿ ದೀಪಗಳನ್ನು ನೋಡಿದಳು, ಎಲ್ಲಕ್ಕಿಂತ ಕೆಟ್ಟಿದ್ದವು ಇವು. ಬಂದ ಕಾರಣ ತೆಲುಗಿನಲ್ಲಿ ಹೇಳಿದಳು.

ಯಾದಗಿರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಎಷ್ಟು?"

"ಏನೂ ಬೇಡಣ್ಣ."

"ಏನೂ ಬೇಡ ಅನ್ನುವವರೇ ಕಡೆಗೆ ಜಾಸ್ತಿ ಕೇಳುವುದು. ಮೊನ್ನೆ ಒಬ್ಬ ನೀರು ಪರೀಕ್ಷೆ ಮಾಡ್ತೀನಿ ಅಂತ ಬಂದು ಒಂದು ಮಿಷಿನ್ನು ತಗುಲಿಸಿ ಹೋದ. ನಾನು ನಿನ್ನನ್ನು ಕರೆದಿಲ್ಲ, ನಿನಗೆ ದುಡ್ಡು ಕೊಟ್ಟಿಲ್ಲ. ನಿನಗೆ ನನ್ನಿಂದ ಏನಾಗಬೇಕು?"

"ನಿಶಾಂತ ಅನ್ನೋರಿಗೆ ಮಾಡಿಕೊಟ್ಟಿದ್ದೆ."

"ಹಾಗಾದರೆ ಅವನನ್ನು ಹುಡುಕಿಕೊಂಡು ಹೋಗು."

"ಅವರು ಪುಣೆಯಲ್ಲಿದ್ದಾರೆ. ನಾನು ಕೆಡಿಸಿದ್ದು ಅವರನ್ನಲ್ಲ ಅಣ್ಣ, ಗಾಡಿಯನ್ನು. ಗಾಡಿ ಇಲ್ಲಿದೆ."

ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಾಲಮಣಿ ಬಂದಳು. "ದೀಪ ಕಾಣುವುದಿಲ್ಲ, ದಾರಿ ಕಾಣುವುದಿಲ್ಲ ಅಂತ ದಿನಾ ಬೆಳಗಾದರೆ ನನ್ನ ಮೇಲೆ ಕೂಗುವವನು ನೀನೇ. ಹೆಂಗಸು ಮನೆ ಹುಡುಕಿಕೊಂಡು ಬಂದಿದ್ದಾಳೆ, ತಿಕ್ಕಲಿ ಬಿಡು."

"ಒಂದೇ ಒಂದು," ಎಂದ ಯಾದಗಿರಿ. "ಮೊದಲು ಬಲಗಡೆಯದು. ನಾನು ಇಲ್ಲೇ ಕೂತಿರುತ್ತೇನೆ."

ಕುರ್ಚಿ ಹಾಕಿಕೊಂಡು ಕೂತೇಬಿಟ್ಟ. ಸುಹಾಸಿನಿಗೆ ನಗು ಬಂತು, ತೋರಿಸಲಿಲ್ಲ. ತೊಳೆದಳು, ಟೇಪ್ ಅಂಟಿಸಿದಳು, ತಿಕ್ಕಿದಳು. ನಾಲ್ಕನೆಯ ಹಾಳೆಯ ಹೊತ್ತಿಗೆ ಕುರ್ಚಿ ಒಂದು ಮೊಳ ಮುಂದೆ ಬಂದಿತ್ತು. ಪಾಲಿಶ್ ಒರೆಸಿದಾಗ ಬಲಗಡೆಯ ದೀಪ ಹೊಸದರಂತೆ ಮಿಂಚಿತು, ಎಡಗಡೆಯದು ಸತ್ತಂತೆ ಕಂಡಿತು. ಯಾದಗಿರಿ ಎದ್ದು ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಇನ್ನೊಂದು ಬಕೆಟ್ ನೀರಿತ್ತು. ಎಡಗಡೆಯ ದೀಪದ ಮುಂದಿಟ್ಟ.

ಎರಡಕ್ಕೂ ಪದರ ಸಿಂಪಡಿಸಿ ಮುಗಿಸಿದ ಮೇಲೆ, "ಇನ್ನು ಎರಡು ತಾಸು ಧೂಳು ಬೀಳಬಾರದು" ಎಂದಳು. ಆಗ ಯಾದಗಿರಿ ಕಾವಲಿಗೆ ನಿಂತ ರೀತಿಯನ್ನು ನೋಡಬೇಕಿತ್ತು. ಮೇಲಿನ ಮನೆಯವರು ಚಾಪೆ ಝಾಡಿಸಲು ಬಂದರೆ ಗದರಿಸಿ ಒಳಗೆ ಕಳಿಸಿದ. ಓಣಿಯಲ್ಲಿ ಬಂದ ಸ್ಕೂಟರಿನವನಿಗೆ ಇಳಿದು ತಳ್ಳಿಕೊಂಡು ಹೋಗಲು ಹೇಳಿದ. ಒಂದು ನೊಣ ಸುಳಿದದ್ದಕ್ಕೆ ಹೆಗಲ ಮೇಲಿನ ಟವೆಲ್ ಎತ್ತಿದ. ಟವೆಲ್ಲಿನ ಗಾಳಿಗೇ ಧೂಳು ಏಳುತ್ತದೆ ಎಂದು ಸುಹಾಸಿನಿ ಅವನ ಕೈ ತಡೆಯಬೇಕಾಯಿತು.

"ನಾಳೆ ಕೂಗಲು ಏನೂ ಉಳಿಯಲಿಲ್ಲವಲ್ಲ ನಿನಗೆ," ಎಂದು ಬಾಲಮಣಿ ಗಂಡನನ್ನು ಛೇಡಿಸಿದಳು.

ಹೊರಡುವಾಗ ಒಂದು ಪೊಟ್ಟಣ ಕೈಗಿತ್ತಳು. ಬೇಡ ಅನ್ನಲು ಸುಹಾಸಿನಿ ಬಾಯಿ ತೆರೆಯುವುದರೊಳಗೆ ಯಾದಗಿರಿಯೇ, "ನೀನು ದುಡ್ಡು ಬೇಡ ಅಂದೆ, ಇಡ್ಲಿ ಬೇಡ ಅಂದಿಲ್ಲ" ಎಂದ.

ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪೊಟ್ಟಣ ಬಿಚ್ಚಿದಳು. ಇಡ್ಲಿ ಇನ್ನೂ ಬೆಚ್ಚಗಿತ್ತು, ಜೊತೆಗೆ ಶೇಂಗಾ ಚಟ್ನಿ. ಬೇಗಂಪೇಟೆ ಬರುವುದರೊಳಗೆ ನಾಲ್ಕೂ ತಿಂದಳು. ಆಮೇಲೆ ನೆನಪಾಗಿ ಗಂಡ ಬರೆದುಕೊಟ್ಟ ಹಾಳೆ ತೆಗೆದು ಕೊನೆಯ ಸಾಲಿಗೆ ಗೆರೆ ಎಳೆದಳು. ಖುಷಿ ಆಗಬೇಕೆಂದು ಕಾದಳು. ಆದದ್ದು ಖುಷಿಗಿಂತ ಹೆಚ್ಚಾಗಿ ನಿದ್ದೆ. ಎಂಟು ತಿಂಗಳಿಂದ ಸೇರಿಸಿಟ್ಟಿದ್ದ ನಿದ್ದೆ ಒಟ್ಟಿಗೇ ಬಂದ ಹಾಗೆ.

ಮನೆಗೆ ಬಂದು ಕೈಕಾಲು ತೊಳೆದು, ಅತ್ತೆಗೆ ಒಂದು ಮಾತಿನಲ್ಲಿ "ಮುಗೀತ್ರಿ ಅತ್ತಿ" ಎಂದು ಹೇಳಿ, ನಡುಮನೆಯಲ್ಲಿ ಚಾಪೆ ಹಾಸಿದಳು. ಅವಳು ಹಗಲು ಮಲಗಿದ್ದನ್ನು ಕೃಷ್ಣಾಬಾಯಿ ಎಂದೂ ನೋಡಿರಲಿಲ್ಲ. ಫ್ಯಾನು ಹಾಕಿ, ಕಿಟಕಿಯ ಪರದೆ ಎಳೆದು, ಬಾಗಿಲ ಹತ್ತಿರ ಕೂತರು.

ಫೋನು ಹೊಡೆದುಕೊಂಡಿತು. ‘ಕೆಂಪು ಗಾಡಿ ಎರಡನೆ ಮಹಡಿ’ ಎಂದಿತ್ತು. ಜೋರಾಗಿ ಮಾತಾಡಿದ್ದ ಅದೇ ಸಾಹೇಬರು. ಅವರ ಆಫೀಸಿನಲ್ಲಿ ಇನ್ನೂ ಆರು ಗಾಡಿಗಳು ಇದ್ದವಂತೆ, ಅವಳೇ ಬಂದು ಮಾಡಬೇಕಂತೆ, ಇವತ್ತೇ ಬಂದು ನೋಡಿದರೆ ಒಳ್ಳೆಯದಂತೆ.

ಕೃಷ್ಣಾಬಾಯಿ ಫೋನನ್ನು ಕಿವಿಗಿಂತ ಬಾಯಿಗೇ ಹತ್ತಿರ ಹಿಡಿದು, ತಮ್ಮ ಹಳೆಯ ಉರ್ದುವಿನಲ್ಲಿ ಮೆತ್ತಗೆ ಹೇಳಿದರು. ನಮ್ಮ ಸೊಸೆ ಮಲಗಿದ್ದಾಳೆ, ಎಬ್ಬಿಸುವುದಿಲ್ಲ, ನಾಳೆ ಬಿಸಿಲೇರಿದ ಮೇಲೆ ಫೋನು ಮಾಡಿ.